ಒಂದು ಗೆರೆಯಲ್ಲಿ ಅಡಗಿರುವ ಧೂಳಿನ ತಟ್ಟೆ

2004ರಲ್ಲಿ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದಿಂದ ಒಂದು ಗ್ರಾಫ್ ಬಂತು. ವೃಷಭ ರಾಶಿಯ ದಿಕ್ಕಿನಲ್ಲಿ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿರುವ ಕೋಕು ಟೌ 4 ಅನ್ನುವ ಎಳೆಯ ನಕ್ಷತ್ರದ ಇನ್‌ಫ್ರಾರೆಡ್ ರೋಹಿತ ಅದು. ರೋಹಿತ ಅಂದರೆ ಸ್ಪೆಕ್ಟ್ರಮ್. ಬೆಳಕನ್ನು ಬಿಡಿಸಿ, ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬಂತು ಅಂತ ಬರೆದಿಟ್ಟ ಲೆಕ್ಕ. ಅಡ್ಡಕ್ಕೆ ತರಂಗಾಂತರ, ಉದ್ದಕ್ಕೆ ಹೊಳಪು, ನಡುವೆ ಒಂದು ಗೆರೆ, ಅಷ್ಟೇ. ಸುಮಾರು 8 ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಆ ಗೆರೆ ಬರೀ ನಕ್ಷತ್ರ ಒಂದೇ ಇದ್ದರೆ ಹೇಗೆ ಇಳಿಯಬೇಕೋ ಹಾಗೆ ಇಳಿಯುತ್ತಾ ಬರುತ್ತದೆ. ಅಲ್ಲಿಂದ ಮುಂದೆ ಒಮ್ಮೆಗೇ ಮೇಲಕ್ಕೆ ಹತ್ತುತ್ತದೆ.

ಇಷ್ಟನ್ನು ನೋಡಿ ವಿಜ್ಞಾನಿಗಳು ಹೇಳಿದ್ದೇನು ಗೊತ್ತಾ? ಈ ನಕ್ಷತ್ರದ ಸುತ್ತ ಧೂಳಿನ ತಟ್ಟೆ ಇದೆ, ಆ ತಟ್ಟೆಯ ನಡುವೆ ಒಂದು ತೂತು ಇದೆ, ತೂತಿನ ಅಂಚು ನಕ್ಷತ್ರದಿಂದ ಸುಮಾರು 10 ಖಗೋಳಮಾನ ದೂರದಲ್ಲಿದೆ ಅಂತ. ಒಂದು ಖಗೋಳಮಾನ ಅಂದರೆ ಸೂರ್ಯನಿಂದ ಭೂಮಿಗಿರುವ ದೂರ.

ಆದರೆ ಸ್ಪಿಟ್ಜರ್‌ನ ಕನ್ನಡಿಯ ಅಗಲ 85 ಸೆಂಟಿಮೀಟರ್. ಲೆಕ್ಕ ಹಾಕಿ ನೋಡಿದರೆ, ಅಷ್ಟು ದೂರದಲ್ಲಿ, 10 ಮೈಕ್ರಾನ್ ಬೆಳಕಿನಲ್ಲಿ, 400 ಖಗೋಳಮಾನದೊಳಗೆ ಏನಿದ್ದರೂ ಅದಕ್ಕೆ ಒಂದೇ ಚುಕ್ಕೆ. ಇಡೀ ತಟ್ಟೆಯೇ ಆ ಚುಕ್ಕೆಯೊಳಗೆ ಮುಳುಗಿ ಹೋಗುತ್ತದೆ. ಹಾಗಿದ್ದ ಮೇಲೆ ತೂತು ಎಲ್ಲಿ ಕಾಣಿಸಿತು? ಕಾಣಿಸಲಿಲ್ಲ. ಲೆಕ್ಕದಲ್ಲಿ ಸಿಕ್ಕಿತು. ಆ ಲೆಕ್ಕ ಹೇಗೆ ನಡೆಯುತ್ತದೆ, ಎಷ್ಟರ ಮಟ್ಟಿಗೆ ಅದನ್ನು ನಂಬಬಹುದು ಅನ್ನೋದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಶುರು ಮಾಡೋದು ಕುಲುಮೆಯಿಂದ. ಕಬ್ಬಿಣ ಕಾಯುತ್ತಾ ಹೋದಂತೆ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಕೆಂಪಾಗುವ ಮುಂಚೆಯೂ ಅದು ಬೆಳಕು ಬಿಡುತ್ತಲೇ ಇರುತ್ತದೆ, ಆದರೆ ಅದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕು. ಹತ್ತಿರ ಕೈ ಚಾಚಿದರೆ ಮಾತ್ರ ಗೊತ್ತಾಗುತ್ತದೆ. ಲೆಕ್ಕ ತುಂಬಾ ಸರಳ: 2,900 ಅನ್ನುವ ಸಂಖ್ಯೆಯನ್ನು ವಸ್ತುವಿನ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿ, ಅದು ಯಾವ ತರಂಗಾಂತರದಲ್ಲಿ ಅತಿ ಹೆಚ್ಚು ಹೊಳೆಯುತ್ತದೆ ಅನ್ನೋದು ಮೈಕ್ರಾನ್‌ನಲ್ಲಿ ಸಿಗುತ್ತದೆ. ಸೂರ್ಯನ ಮೈ 5,800 ಕೆಲ್ವಿನ್, ಹಾಗಾಗಿ ಅರ್ಧ ಮೈಕ್ರಾನ್. ನಮ್ಮ ಮೈ 310 ಕೆಲ್ವಿನ್, ಹಾಗಾಗಿ 9 ಮೈಕ್ರಾನ್ ಆಸುಪಾಸು. ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡುತ್ತಿದ್ದರಲ್ಲ, ಅದು ಹಿಡಿಯುತ್ತಿದ್ದದ್ದು ಈ ಬೆಳಕನ್ನೇ. ಮುಟ್ಟದೆ ಉಷ್ಣತೆ ಹೇಳುವ ಅದೇ ಉಪಾಯ ನಕ್ಷತ್ರಗಳಿಗೂ ನಡೆಯುತ್ತದೆ.

ಈಗ ತಟ್ಟೆಗೆ ಬರೋಣ. ಅನಿಲ ಮತ್ತು ಧೂಳಿನ ದೊಡ್ಡ ಮೋಡ ತನ್ನ ಭಾರಕ್ಕೆ ತಾನೇ ಕುಸಿದಾಗ ನಡುವೆ ನಕ್ಷತ್ರ ಹುಟ್ಟುತ್ತದೆ. ಮೋಡ ನಿಧಾನವಾಗಿ ತಿರುಗುತ್ತಿರುತ್ತದೆ, ಆದ್ದರಿಂದ ಎಲ್ಲವೂ ನೇರ ನಕ್ಷತ್ರದೊಳಗೆ ಬೀಳುವುದಿಲ್ಲ, ಉಳಿದದ್ದು ಸುತ್ತ ತಟ್ಟೆಯಾಗಿ ಹರಡಿಕೊಳ್ಳುತ್ತದೆ. ತೂಕದಲ್ಲಿ ನೂರಕ್ಕೆ 99 ಪಾಲು ಅನಿಲ, ಒಂದು ಪಾಲು ಧೂಳು. ಆದರೆ ಇನ್‌ಫ್ರಾರೆಡ್‌ನಲ್ಲಿ ಹೊಳೆಯುವ ಕೆಲಸ ಬಹುಪಾಲು ಧೂಳಿನದೇ. ನಕ್ಷತ್ರದ ತೀರಾ ಹತ್ತಿರ ಧೂಳಿಗೆ ಜಾಗವಿಲ್ಲ, ಸುಮಾರು 1,500 ಕೆಲ್ವಿನ್ ದಾಟಿದರೆ ಕಲ್ಲಿನ ಕಣವೂ ಆವಿಯಾಗುತ್ತದೆ. ಆ ಗಡಿಯಲ್ಲಿರುವ ಧೂಳು 2 ಮೈಕ್ರಾನ್‌ನಲ್ಲಿ ಹೊಳೆಯುತ್ತದೆ. ಸೂರ್ಯನಂಥ ನಕ್ಷತ್ರವಾದರೆ ಭೂಮಿ ಇರುವಷ್ಟು ದೂರದಲ್ಲಿರುವ ಧೂಳು ಹೆಚ್ಚುಕಮ್ಮಿ 10 ಮೈಕ್ರಾನ್‌ನಲ್ಲಿ, ನೂರು ಖಗೋಳಮಾನ ದೂರದ ತಣ್ಣನೆ ಧೂಳು 100 ಮೈಕ್ರಾನ್ ಹತ್ತಿರ. ಅಂದರೆ ಗ್ರಾಫಿನ ಅಡ್ಡಗೆರೆಯ ಮೇಲಿರುವ ತರಂಗಾಂತರ ನಿಜದಲ್ಲಿ ದೂರದ ಅಳತೆಗೋಲು. ಎಡಕ್ಕೆ ನಕ್ಷತ್ರದ ಹತ್ತಿರದ ಧೂಳು, ಬಲಕ್ಕೆ ಹೋದಷ್ಟೂ ದೂರದ ಧೂಳು.

ಹೀಗೆ ನೋಡಿದಾಗ ಕೋಕು ಟೌ 4ರ ಗೆರೆ ತಾನೇ ಮಾತಾಡುತ್ತದೆ. 2ರಿಂದ 8 ಮೈಕ್ರಾನ್‌ವರೆಗೆ ಹೆಚ್ಚುವರಿ ಬೆಳಕು ಇಲ್ಲ. ಅಂದರೆ ಬಿಸಿ ಧೂಳು ಇಲ್ಲ. ಅಂದರೆ ನಕ್ಷತ್ರದ ಹತ್ತಿರ ಧೂಳು ಇಲ್ಲ. ತೂತು!

ಇಂಥ ಅಳತೆಗೆ ಬಾಹ್ಯಾಕಾಶಕ್ಕೇ ಯಾಕೆ ಹೋಗಬೇಕು ಅನ್ನುವ ಪ್ರಶ್ನೆ ಬರುತ್ತೆ ಅಲ್ವಾ. ನಮ್ಮ ಗಾಳಿಯಲ್ಲಿರುವ ನೀರಾವಿ ಇನ್‌ಫ್ರಾರೆಡ್‌ನ ದೊಡ್ಡ ಪಾಲನ್ನು ನುಂಗಿಬಿಡುತ್ತದೆ. ಅದಕ್ಕೇ ನೆಲದ ದೂರದರ್ಶಕಗಳು ಎತ್ತರದ ಒಣ ಜಾಗ ಹುಡುಕಿಕೊಂಡು ಹೋಗುತ್ತವೆ. ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಹಾಗೆಯೇ ಕೂತದ್ದು. ಅದನ್ನು ನಡೆಸೋದು ನಮ್ಮ ಹೊಸಕೋಟೆ ಹತ್ತಿರದ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಕೋರಮಂಗಲದಲ್ಲಿ ಮುಖ್ಯ ಕಚೇರಿ ಇರುವ ಭಾರತೀಯ ಖಭೌತ ಸಂಸ್ಥೆಯದು ಅದು. ಹಾನ್ಲೆಯ ಆ ದೂರದರ್ಶಕದಲ್ಲಿರುವ ಟಿರ್‌ಸ್ಪೆಕ್ ಉಪಕರಣ 1ರಿಂದ 2.5 ಮೈಕ್ರಾನ್‌ವರೆಗೆ ನೋಡುತ್ತದೆ. ಅದಕ್ಕಿಂತ ತಂಪಾದ ಧೂಳಿನ ಪೂರ್ತಿ ಗೆರೆ ಬೇಕು ಅಂದರೆ ಗಾಳಿಯ ಆಚೆಗೆ ಹೋಗಲೇಬೇಕು.

ಇನ್ನು ಮಾದರಿ ಕಟ್ಟುವ ವಿಷಯ. ಗೆರೆಯಿಂದ ನೇರವಾಗಿ ತಟ್ಟೆಗೆ ದಾರಿ ಇಲ್ಲ. ಸಾರು ರುಚಿ ನೋಡಿ ಯಾವ ಬೇಳೆ ಎಷ್ಟು ಹಾಕಿದ್ದಾರೆ ಅಂತ ತೂಕದ ಸಮೇತ ಹೇಳೋಕೆ ಆಗುತ್ತಾ? ನಾವೂ ಒಂದು ಸಲ ಮಾಡಿ, ರುಚಿ ಹೋಲಿಸಿ, ತಪ್ಪಿದರೆ ಅಳತೆ ಬದಲಿಸಿ ಮತ್ತೆ ಮಾಡಬೇಕು. ಇಲ್ಲೂ ಹಾಗೇ. ಕಂಪ್ಯೂಟರಿನಲ್ಲಿ ಒಂದು ತಟ್ಟೆ ಕಟ್ಟುತ್ತಾರೆ, ಅದು ಯಾವ ಗೆರೆ ಕೊಡುತ್ತದೆ ಅಂತ ಲೆಕ್ಕ ಹಾಕುತ್ತಾರೆ, ನಿಜವಾದ ಗೆರೆಯ ಪಕ್ಕ ಇಟ್ಟು ನೋಡುತ್ತಾರೆ.

ಮೊದಮೊದಲು ಕಟ್ಟಿದ ತಟ್ಟೆ ಪೂರ್ತಿ ಚಪ್ಪಟೆ. 1983ರಲ್ಲಿ ಹಾರಿದ ಐರಾಸ್ ಉಪಗ್ರಹ 12, 25, 60 ಮತ್ತು 100 ಮೈಕ್ರಾನ್‌ಗಳಲ್ಲಿ ಆಕಾಶವನ್ನೆಲ್ಲ ಅಳೆದಾಗ, ಬಹಳಷ್ಟು ಎಳೆಯ ನಕ್ಷತ್ರಗಳು ಉದ್ದ ತರಂಗಾಂತರಗಳಲ್ಲಿ ಚಪ್ಪಟೆ ತಟ್ಟೆಯ ಲೆಕ್ಕಕ್ಕಿಂತ ತುಂಬಾ ಜಾಸ್ತಿ ಹೊಳೆಯುತ್ತಿದ್ದವು. ದೂರದ ಧೂಳು ಇರಬೇಕಾದ್ದಕ್ಕಿಂತ ಬೆಚ್ಚಗಿದೆ. ಯಾಕೆ? ಬೆಳಗ್ಗೆ ಅಂಗಳದಲ್ಲಿ ನಿಂತು ನೋಡಿ. ಆಗಷ್ಟೇ ಹುಟ್ಟಿದ ಸೂರ್ಯನ ಬಿಸಿಲು ನೆಲದ ಮೇಲೆ ಸವರಿಕೊಂಡು ಹೋಗುತ್ತದೆ, ನೆಲ ಇನ್ನೂ ತಣ್ಣಗೇ ಇರುತ್ತದೆ. ಆದರೆ ಸೂರ್ಯನಿಗೆ ಎದುರಾಗಿರುವ ಗೋಡೆ ಆಗಲೇ ಬೆಚ್ಚಗಾಗಿರುತ್ತದೆ. ಚಪ್ಪಟೆ ತಟ್ಟೆ ಅಂದರೆ ಆ ನೆಲ. ತಟ್ಟೆಯ ಹೊರಭಾಗ ಬಟ್ಟಲಿನ ಹಾಗೆ ಸ್ವಲ್ಪ ಮೇಲೆದ್ದರೆ ಅದು ಗೋಡೆಯಾಗಿ ನಕ್ಷತ್ರದ ಬೆಳಕನ್ನು ನೇರವಾಗಿ ಹಿಡಿಯುತ್ತದೆ. 1987ರಲ್ಲಿ ಸ್ಕಾಟ್ ಕೆನ್ಯನ್ ಮತ್ತು ಲೀ ಹಾರ್ಟ್‌ಮನ್ ತೋರಿಸಿದ್ದು ಇದನ್ನೇ. ತಟ್ಟೆ ಉಬ್ಬುವುದಕ್ಕೆ ಕಾರಣವೂ ಇದೆ: ನಕ್ಷತ್ರದಿಂದ ದೂರ ಹೋದಂತೆ ಅನಿಲವನ್ನು ಕೆಳಕ್ಕೆ ಒತ್ತಿ ಹಿಡಿಯುವ ಸೆಳೆತ ಕಡಿಮೆಯಾಗುತ್ತದೆ, ಅನಿಲ ಮೇಲಕ್ಕೆ ಹರಡುತ್ತದೆ, ಸಣ್ಣ ಧೂಳನ್ನೂ ಜೊತೆಗೆ ಒಯ್ಯುತ್ತದೆ.

ಆದರೂ ಒಂದು ತೊಡಕು ಉಳಿದಿತ್ತು. ಎಷ್ಟೋ ತಟ್ಟೆಗಳ ರೋಹಿತದಲ್ಲಿ 10 ಮೈಕ್ರಾನ್ ಹತ್ತಿರ ಒಂದು ಗುಡ್ಡ ಏಳುತ್ತದೆ, 18ರ ಹತ್ತಿರ ಇನ್ನೊಂದು. ಗುಡ್ಡ ಏಳಬೇಕಾದರೆ ಮೇಲಿನ ಪದರ ಒಳಗಿನದಕ್ಕಿಂತ ಬಿಸಿ ಇರಬೇಕು. ಮೇಲಿನದು ತಣ್ಣಗಿದ್ದರೆ ಅದು ಬೆಳಕನ್ನು ಹೀರಿ ಅದೇ ಜಾಗದಲ್ಲಿ ಹಳ್ಳ ಬೀಳುತ್ತಿತ್ತು. ಇನ್ನೂ ಮೋಡದೊಳಗೇ ಹುದುಗಿರುವ ನಕ್ಷತ್ರಗಳಲ್ಲಿ ಹಳ್ಳವೇ ಕಾಣುವುದು. 1997ರಲ್ಲಿ ಯೂಜೀನ್ ಚಿಯಾಂಗ್ ಮತ್ತು ಪೀಟರ್ ಗೋಲ್ಡ್‌ರೈಕ್ ಇದಕ್ಕೆ ಅಚ್ಚುಕಟ್ಟಾದ ಉತ್ತರ ಕೊಟ್ಟರು. ತಟ್ಟೆಗೆ ಎರಡು ಪದರ: ಮೇಲೆ ತೆಳುವಾದ ಬಿಸಿ ಪದರ, ಒಳಗೆ ತಂಪು. ಒಂದು ನೀರಿನ ತೊಟ್ಟಿ ಅಂದುಕೊಳ್ಳಿ. ತುಂಬುವ ಕೊಳವೆ ದಪ್ಪ, ಸೋರುವ ತೂತು ಸಣ್ಣ. ನೀರು ಏರುತ್ತಲೇ ಹೋಗುತ್ತದೆ, ಒತ್ತಡ ಹೆಚ್ಚಿ ಸೋರುವುದೂ ಬರುವುದೂ ಸಮ ಆಗುವವರೆಗೆ. ಸಣ್ಣ ಧೂಳಿನ ಕಣವೂ ಅಂಥದ್ದೇ. ನಕ್ಷತ್ರದ ಬೆಳಕಿನ ತರಂಗಾಂತರ ಸಣ್ಣದು, ಅದನ್ನು ಚೆನ್ನಾಗಿ ಹೀರುತ್ತದೆ. ತಾನು ಹೊರಗೆ ಬಿಡಬೇಕಾದ ಇನ್‌ಫ್ರಾರೆಡ್‌ನ ತರಂಗಾಂತರ ತನ್ನ ಮೈಗಿಂತ ಎಷ್ಟೋ ದೊಡ್ಡದು, ಅದನ್ನು ಸರಿಯಾಗಿ ಬಿಡಲಾರದು. ಹಾಗಾಗಿ ಬಿಸಿ ಏರುತ್ತದೆ. ಆ ಬಿಸಿ ಕಣಗಳೇ ಗುಡ್ಡ ಎಬ್ಬಿಸುವುದು. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ತರ್ಕ ಇದು. ಕಾಗದ-ಪೆನ್ನು ಹಿಡಿದು ಒಂದು ಮಧ್ಯಾಹ್ನ ಕೂತರೆ ಯಾರಾದರೂ ಹಿಂಬಾಲಿಸಬಹುದು, ಆದರೂ ನಿಜವಾದ ಗೆರೆಗೆ ಅಷ್ಟು ಹತ್ತಿರ ಬರುತ್ತದೆ.

ಆ 10 ಮೈಕ್ರಾನ್ ಗುಡ್ಡವನ್ನು ಇನ್ನೂ ಹತ್ತಿರದಿಂದ ನೋಡೋಣ, ಯಾಕಂದರೆ ಕಲ್ಲಿನ ಕಥೆ ಇರುವುದು ಅಲ್ಲೇ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಕೂಡಿಕೊಂಡಿರುವ ಬಂಧ ಸ್ಪ್ರಿಂಗಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ಅದರ ಲಯ 10 ಮೈಕ್ರಾನ್ ಬೆಳಕಿನದು. ಬಂಧ ಬಾಗುವ ಲಯ 18 ಮೈಕ್ರಾನ್‌ನದು. ಅಂದರೆ ಈ ಧೂಳು ಸಿಲಿಕೇಟ್, ನಮ್ಮ ಕಾಲಕೆಳಗಿನ ಬಂಡೆಯ ಜಾತಿಯದೇ. ಕಣ ಮೈಕ್ರಾನಿನ ಹತ್ತನೇ ಒಂದು ಪಾಲಿದ್ದರೆ ಗುಡ್ಡ ಚೂಪಾಗಿ, 9.7 ಮೈಕ್ರಾನ್ ಹತ್ತಿರ ತುದಿ ಎತ್ತಿ ನಿಲ್ಲುತ್ತದೆ. ಕಣಗಳು ಅಂಟಿಕೊಂಡು ಒಂದೆರಡು ಮೈಕ್ರಾನ್ ಆದರೆ ಗುಡ್ಡ ತಗ್ಗಿ ಅಗಲವಾಗುತ್ತದೆ. ಇನ್ನೂ ದಪ್ಪಗಾದರೆ ಗುಡ್ಡವೇ ಮಾಯ. ನೋಡಿ, ಧೂಳು ಬೆಳೆಯುತ್ತಿದೆ, ಗ್ರಹ ಕಟ್ಟುವ ಮೊದಲ ಹೆಜ್ಜೆ ನಡೆಯುತ್ತಿದೆ ಅನ್ನುವುದು ಒಂದು ಗುಡ್ಡದ ಆಕಾರದಲ್ಲಿ ಗೊತ್ತಾಗುತ್ತದೆ.

ಧೂಳು ಹರಳೋ ಅಲ್ಲವೋ ಅನ್ನೋದೂ ಇಲ್ಲೇ ಸಿಗುತ್ತದೆ. ನಕ್ಷತ್ರಗಳ ನಡುವಿನ ಬಯಲಲ್ಲಿರುವ ಸಿಲಿಕೇಟ್ ಬಹುಪಾಲು ಗಾಜಿನ ಹಾಗೆ, ಪರಮಾಣುಗಳಿಗೆ ಸಾಲಿಲ್ಲ, ಕ್ರಮವಿಲ್ಲ. ಅದೇ ಧೂಳು ಸುಮಾರು 1,000 ಕೆಲ್ವಿನ್‌ಗೆ ಕಾದರೆ ಪರಮಾಣುಗಳು ಸಾಲಾಗಿ ಕೂತು ಹರಳಾಗುತ್ತದೆ. ಆಗ ಗುಡ್ಡದ ಬಲ ಭುಜದಲ್ಲಿ, 11.3 ಮೈಕ್ರಾನ್ ಹತ್ತಿರ, ಇನ್ನೊಂದು ಮೊನೆ ಏಳುತ್ತದೆ. ಅದು ಫಾರ್ಸ್ಟರೈಟ್ ಅನ್ನುವ ಖನಿಜದ ಗುರುತು. ಇಎಕ್ಸ್ ಲೂಪಿ ಅನ್ನುವ ಎಳೆಯ ನಕ್ಷತ್ರವನ್ನು ಸ್ಪಿಟ್ಜರ್ 2005ರಲ್ಲಿ ನೋಡಿದಾಗ ಬರೀ ಗಾಜಿನಂಥ ಧೂಳಿನ ಗುಡ್ಡ ಇತ್ತು. 2008ರಲ್ಲಿ ಆ ನಕ್ಷತ್ರ ಇದ್ದಕ್ಕಿದ್ದ ಹಾಗೆ ಸುಮಾರು 100 ಪಟ್ಟು ಬೆಳಗಿತು. ಆಗ ಮತ್ತೆ ನೋಡಿದರೆ ಹರಳಿನ ಮೊನೆ ಎದ್ದಿತ್ತು! ತಟ್ಟೆಯ ಮೇಲ್ಪದರದ ಧೂಳು ಆ ಬಿಸಿಗೆ ಕಾದು ಹರಳಾಗಿತ್ತು. ಮೂರು ವರ್ಷದ ಅಂತರದಲ್ಲಿ ಎರಡು ಗೆರೆ, ನಡುವೆ ಒಂದು ಖನಿಜ ಹುಟ್ಟಿದೆ. ಇದನ್ನು ಮೊದಲ ಸಲ ಓದಿದಾಗ ಆದ ರೋಮಾಂಚನ ಇನ್ನೂ ಹೋಗಿಲ್ಲ.

1997ರ ಮಾರ್ಚ್-ಏಪ್ರಿಲ್‌ನಲ್ಲಿ ಸಂಜೆ ವಾಯವ್ಯ ದಿಕ್ಕಿಗೆ ಬರಿಗಣ್ಣಿಗೇ ಕಾಣುತ್ತಿದ್ದ ಹೇಲ್-ಬಾಪ್ ಧೂಮಕೇತು ನೆನಪಿದೆಯಾ? ಅದರ ಧೂಳಿನಲ್ಲೂ ಇದೇ ಮೊನೆಗಳು. ಯುರೋಪಿನ ಐಎಸ್ಒ ದೂರದರ್ಶಕ ನೋಡಿದ ಎಚ್‌ಡಿ 100546 ಅನ್ನುವ ನಕ್ಷತ್ರದ ತಟ್ಟೆಯ ಗೆರೆಯನ್ನೂ ಹೇಲ್-ಬಾಪ್ ಗೆರೆಯನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಈ ಮೊನೆಗಳನ್ನು ಗುರುತು ಹಿಡಿಯುವುದು ಆಕಾಶ ನೋಡಿ ಅಲ್ಲ, ನೆಲದ ಮೇಲೆ. ಜರ್ಮನಿಯ ಯೇನಾ ಊರಿನ ಪ್ರಯೋಗಾಲಯದಲ್ಲಿ ಸಿಲಿಕೇಟ್‌ಗಳನ್ನು ಕರಗಿಸಿ, ಆರಿಸಿ, ಪುಡಿಮಾಡಿ, ಯಾವುದು ಎಷ್ಟು ಬೆಳಕು ಹೀರುತ್ತದೆ ಅಂತ ವರ್ಷಗಟ್ಟಲೆ ಅಳೆದಿಟ್ಟಿದ್ದಾರೆ. ಆ ಪಟ್ಟಿಗಳಿಲ್ಲದೆ ಯಾವ ಮಾದರಿಯೂ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ದೂರದರ್ಶಕಗಳಿಗೆ ಸಿಗುವ ಹೆಸರು ಈ ಕೆಲಸಕ್ಕೆ ಸಿಗುವುದಿಲ್ಲ, ಸಿಗಬೇಕು.

ಇವತ್ತಿನ ಮಾದರಿಗಳು ಎರಡು ಪದರಕ್ಕೆ ನಿಲ್ಲುವುದಿಲ್ಲ. ಸೂರ್ಯನಿಗಿಂತ ಭಾರದ ಎಳೆಯ ನಕ್ಷತ್ರಗಳ ಗೆರೆಯಲ್ಲಿ 3 ಮೈಕ್ರಾನ್ ಹತ್ತಿರ ಇನ್ನೊಂದು ಉಬ್ಬು ಇರುತ್ತದೆ. ಧೂಳು ಆವಿಯಾಗುವ ಗಡಿಯಲ್ಲಿ ತಟ್ಟೆಯ ಒಳ ಅಂಚಿಗೆ ಬೆಳಕು ನೇರ ಬಡಿದು ಅದು ಗೋಡೆಯ ಹಾಗೆ ಉಬ್ಬುತ್ತದೆ ಅಂತ 2001ರಲ್ಲಿ ಡುಲ್ಲೆಮೊಂಡ್, ಡೊಮಿನಿಕ್ ಮತ್ತು ನಾಟ್ಟಾ ಮಾದರಿ ಮಾಡಿದರು. ಇದನ್ನೆಲ್ಲ ಸೇರಿಸಿಕೊಳ್ಳಲು ಈಗ ಮಾಂಟೆ ಕಾರ್ಲೊ ವಿಧಾನ ಬಳಸುತ್ತಾರೆ. ತಟ್ಟೆಯನ್ನು ಸಾವಿರಾರು ಸಣ್ಣ ಕೋಣೆಗಳಾಗಿ ಕತ್ತರಿಸುತ್ತಾರೆ. ಪ್ರತಿ ಕೋಣೆಗೂ ಎಷ್ಟು ಧೂಳು, ಎಂಥ ಧೂಳು ಅಂತ ಬರೆದಿಡುತ್ತಾರೆ. ಆಮೇಲೆ ನಕ್ಷತ್ರದಿಂದ ಬೆಳಕಿನ ಪೊಟ್ಟಣಗಳನ್ನು ಒಂದೊಂದಾಗಿ ಬಿಡುತ್ತಾರೆ.

ಒಂದು ಪೊಟ್ಟಣದ ಹಿಂದೆ ಹೋಗೋಣ. ಯಾವ ದಿಕ್ಕಿಗೆ ಹೊರಡಬೇಕು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ. ಎಷ್ಟು ದೂರ ಹೋಗಿ ಧೂಳಿಗೆ ಬಡಿಯುತ್ತದೆ, ಅದಕ್ಕೂ ಚೀಟಿ, ಆದರೆ ಧೂಳು ದಟ್ಟವಾಗಿದ್ದಷ್ಟೂ ಬೇಗ ಬಡಿಯುವ ಸಾಧ್ಯತೆ ಜಾಸ್ತಿ. ಬಡಿದ ಮೇಲೆ ಚದುರಿ ಬೇರೆ ದಿಕ್ಕಿಗೆ ಹೋಗಬಹುದು, ಇಲ್ಲವೇ ಹೀರಿಹೋಗಬಹುದು. ಹೀರಿಹೋದರೆ ಆ ಕೋಣೆ ಒಂದಿಷ್ಟು ಬೆಚ್ಚಗಾಗುತ್ತದೆ, ಹೀರಿದಷ್ಟೇ ಶಕ್ತಿಯ ಹೊಸ ಪೊಟ್ಟಣ ಅಲ್ಲಿಂದ ಹೊರಡುತ್ತದೆ, ಈಗ ಉದ್ದ ತರಂಗಾಂತರದಲ್ಲಿ. ಅದು ಮತ್ತೆ ಬಡಿಯುತ್ತದೆ, ಮತ್ತೆ ಹೊರಡುತ್ತದೆ, ಕೊನೆಗೆ ಎಲ್ಲೋ ಒಂದು ಕಡೆ ತಟ್ಟೆಯಿಂದ ಪಾರಾಗುತ್ತದೆ. ಹೀಗೆ ಲಕ್ಷಾಂತರ ಪೊಟ್ಟಣ ಬಿಟ್ಟಾದ ಮೇಲೆ ಪ್ರತಿ ಕೋಣೆಯ ಉಷ್ಣತೆ ತಾನಾಗಿ ಸಿಗುತ್ತದೆ, ನಮ್ಮ ಕಡೆಗೆ ಬಂದವನ್ನು ಎಣಿಸಿದರೆ ಗೆರೆಯೂ ಸಿಗುತ್ತದೆ. ಹೀರಿದ ಕೂಡಲೇ ಬಿಡುವ ಈ ಜಾಣ ಲೆಕ್ಕವನ್ನು 2001ರಲ್ಲಿ ಬ್ಯೋರ್ಕ್‌ಮನ್ ಮತ್ತು ವುಡ್ ಕೊಟ್ಟರು. ರ‍್ಯಾಡ್‌ಎಂಸಿ-3ಡಿ, ಎಂಸಿಫಾಸ್ಟ್ ಥರದ ಪ್ರೋಗ್ರಾಮುಗಳಲ್ಲಿ ಇಂಥ ಲೆಕ್ಕವೇ ನಡೆಯುವುದು.

ಕಷ್ಟ ಬರೋದು ಇದಾದ ಮೇಲೆ. 2006ರಲ್ಲಿ ರೋಬಿಟೈ ತಂಡ 14 ಅಳತೆಗಳನ್ನು ಬದಲಿಸುತ್ತಾ ಸುಮಾರು 20,000 ಮಾದರಿ ಕಟ್ಟಿ, ಪ್ರತಿಯೊಂದನ್ನೂ 10 ಕೋನಗಳಿಂದ ನೋಡಿ, 2 ಲಕ್ಷ ಗೆರೆಗಳ ಭಂಡಾರ ಮಾಡಿತು. ನಿಮ್ಮ ನಕ್ಷತ್ರದ ಗೆರೆಗೆ ಯಾವುದು ಹೊಂದುತ್ತದೋ ಅದನ್ನು ಆರಿಸಿಕೊಳ್ಳಬಹುದು. ಆದರೆ ಒಂದಲ್ಲ, ಹತ್ತಾರು ಹೊಂದಿಬಿಡುತ್ತವೆ! ತಟ್ಟೆ ಕಡಿಮೆ ಉಬ್ಬಿದ್ದರೂ ಉದ್ದ ತರಂಗಾಂತರದ ಇನ್‌ಫ್ರಾರೆಡ್ ತಗ್ಗುತ್ತದೆ, ಧೂಳು ದಪ್ಪಗಾಗಿ ಕೆಳಗೆ ಕೂತಿದ್ದರೂ ತಗ್ಗುತ್ತದೆ. ತಟ್ಟೆ ಓರೆಯಾಗಿದ್ದರೆ ಗೆರೆಯ ಆಕಾರವೇ ಬದಲಾಗುತ್ತದೆ. ಇನ್ನೊಂದು, ಇನ್‌ಫ್ರಾರೆಡ್‌ಗೆ ತಟ್ಟೆ ಪಾರದರ್ಶಕ ಅಲ್ಲ. ಹಾಲಿನ ಪಾತ್ರೆಯನ್ನು ಮೇಲಿಂದ ನೋಡಿದ ಹಾಗೆ, ಕೆನೆ ಕಾಣುತ್ತದೆ, ಪಾತ್ರೆಯ ಆಳ ಕಾಣುವುದಿಲ್ಲ. ಆದ್ದರಿಂದ ಇನ್‌ಫ್ರಾರೆಡ್ ಗೆರೆ ಒಂದನ್ನೇ ಹಿಡಿದು ತಟ್ಟೆಯ ತೂಕ ಇಷ್ಟು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ತೂಕಕ್ಕೆ ಮಿಲಿಮೀಟರ್ ಅಲೆಗಳೇ ಬೇಕು. ಚಿಲಿಯ ಆಲ್ಮಾ ದೂರದರ್ಶಕ ಸಮೂಹ 2014ರಲ್ಲಿ ಎಚ್‌ಎಲ್ ಟೌ ತಟ್ಟೆಯ ಬಳೆ ಬಳೆಯಾದ ಚಿತ್ರ ತೆಗೆದದ್ದು ಆ ಅಲೆಗಳಲ್ಲೇ.

ಕೋಕು ಟೌ 4ರ ಕಥೆ ಇನ್ನೂ ಮುಗಿದಿಲ್ಲ. ತೂತು ಸಿಕ್ಕಾಗ, ಅಲ್ಲೊಂದು ಎಳೆಯ ಗ್ರಹ ಸುತ್ತುತ್ತಾ ಧೂಳನ್ನು ಗುಡಿಸಿರಬಹುದು ಅನ್ನುವ ಮಾತು ಜೋರಾಗಿತ್ತು. 2008ರಲ್ಲಿ ಹವಾಯಿಯ ಕೆಕ್ ದೂರದರ್ಶಕದಿಂದ ಅಯರ್‌ಲೆಂಡ್ ಮತ್ತು ಕ್ರಾಸ್ ಅನ್ನುವ ಇಬ್ಬರು ವಿಜ್ಞಾನಿಗಳು ಸೂಕ್ಷ್ಮವಾಗಿ ನೋಡಿದರು. ಒಂದೇ ಅಂದುಕೊಂಡಿದ್ದ ನಕ್ಷತ್ರ ಎರಡಾಗಿ ಕಂಡಿತು! ಹೆಚ್ಚುಕಮ್ಮಿ ಸಮ ತೂಕದ ಜೋಡಿ, ನಡುವಿನ ದೂರ ಸುಮಾರು 8 ಖಗೋಳಮಾನ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುವ ರಭಸಕ್ಕೆ ನಡುವಿನ ಧೂಳು ಚೆಲ್ಲಿಹೋಗಿತ್ತು. ಗಮನಿಸಿ, ಮಾದರಿ ತಪ್ಪಾಗಿರಲಿಲ್ಲ. ತೂತು ಇದೆ ಅಂದಿತ್ತು, ಇತ್ತು. ಎಷ್ಟು ದೊಡ್ಡದು ಅಂದಿತ್ತು, ಹೆಚ್ಚುಕಮ್ಮಿ ಅಷ್ಟೇ ಇತ್ತು. ತೂತು ಮಾಡಿದವರು ಯಾರು ಅನ್ನೋದು ಆ ಗೆರೆಯಲ್ಲಿ ಇರಲೇ ಇಲ್ಲ, ಅದನ್ನು ನಾವು ಸೇರಿಸಿಕೊಂಡಿದ್ದೆವು.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ಬಂದ ಮೇಲೆ ಗೆರೆಗಳು ಎಷ್ಟು ನವಿರಾಗಿವೆ ಅಂದರೆ, ಧೂಳಿನ ಗುಡ್ಡಗಳ ಮೇಲೆ ಅನಿಲದ ಮೊನೆಗಳು ಒಂದೊಂದಾಗಿ ಎಣಿಸುವಷ್ಟು ಬಿಡಿಬಿಡಿಯಾಗಿ ಕಾಣುತ್ತವೆ. ಎರಡು ಗ್ರಹ ಹುಟ್ಟುತ್ತಿರುವ ಪಿಡಿಎಸ್ 70 ತಟ್ಟೆಯ ಒಳಭಾಗದಲ್ಲಿ, ಭೂಮಿಯಂಥ ಗ್ರಹಗಳು ಆಗಬಹುದಾದ ಜಾಗದಲ್ಲಿ, ನೀರಾವಿ ಇರುವುದು 2023ರಲ್ಲಿ ಹೀಗೇ ತಿಳಿದದ್ದು. ಅನಿಲಕ್ಕೆ ಕಟ್ಟುವ ಮಾದರಿ ಸರಳ: ಒಂದು ಚಪ್ಪಡಿ ಅನಿಲ, ಅದಕ್ಕೆ ಒಂದು ಉಷ್ಣತೆ, ಒಂದು ದಟ್ಟಣೆ, ಒಂದು ವಿಸ್ತೀರ್ಣ. ಆದರೆ ಅದಕ್ಕೂ ಮುಂಚೆ ಧೂಳಿನ ಗೆರೆಯನ್ನು ಕೆಳಗಿನಿಂದ ಕಳೆಯಬೇಕು, ಆ ಕಳೆಯುವಿಕೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಅನಿಲದ ಲೆಕ್ಕ ಎಲ್ಲಿಗೋ ಹೋಗುತ್ತದೆ. ಇದೇ ವೆಬ್ 2023ರಲ್ಲಿ ತೀರಾ ಹಗುರವಾದ ಒಂದು ನಕ್ಷತ್ರದ ತಟ್ಟೆಯನ್ನು ನೋಡಿದಾಗ 7.7 ಮತ್ತು 13.7 ಮೈಕ್ರಾನ್ ಹತ್ತಿರ ಎರಡು ಅಗಲ ಗುಡ್ಡ ಕಂಡವು. 10ರಲ್ಲಿ ಇರಬೇಕಾದ ಸಿಲಿಕೇಟ್ ಗುಡ್ಡ ಇರಲಿಲ್ಲ. ನೋಡೋಕೆ ಇವೂ ಧೂಳಿನ ಗುಡ್ಡಗಳ ಹಾಗೇ ಇದ್ದವು, ಲೆಕ್ಕ ಹಾಕಿದರೆ ಅಸಿಟಿಲಿನ್. ಗ್ಯಾಸ್ ವೆಲ್ಡಿಂಗ್‌ನಲ್ಲಿ ಉರಿಯುವ ಅದೇ ಅನಿಲ, ಅದರ ಸಾವಿರಾರು ಸಣ್ಣ ಮೊನೆಗಳು ಒಂದರ ಮೇಲೊಂದು ಬಿದ್ದು ಗುಡ್ಡವೇ ಆಗುವಷ್ಟು ದಟ್ಟವಾಗಿ.